ಜೆಲ್ ಪಾಲಿಶ್ ಕೊಳ್ಳುವ ಮುನ್ನ ಲೇಬಲ್ ಓದಿ

ಎಲ್ಲರ ಗಮನಕ್ಕೆ. ಉಗುರಿಗೆ ಹಚ್ಚಿ ಲ್ಯಾಂಪ್ ಬೆಳಕಿನಲ್ಲಿ ಗಟ್ಟಿಮಾಡುವ ಜೆಲ್ ಪಾಲಿಶ್‌ನ ಕೆಲವು ಪದಾರ್ಥಗಳಿಂದ ಅಲರ್ಜಿ ಬರಬಹುದು. ಬಾಟಲಿ ಚಿಕ್ಕದಿರುವುದರಿಂದ ಪದಾರ್ಥಗಳ ಪಟ್ಟಿ ಹೆಚ್ಚಾಗಿ ಡಬ್ಬಿಯ ಮೇಲಿರುತ್ತದೆ. ಡಬ್ಬಿ ಎಸೆಯುವ ಮುನ್ನ ಅದರ ಫೋಟೊ ತೆಗೆದಿಟ್ಟುಕೊಳ್ಳಿ. ಪಟ್ಟಿಯೇ ಇಲ್ಲದ ಮಾಲು ದಯವಿಟ್ಟು ಬೇಡ.

ಪಟ್ಟಿಯಲ್ಲಿ ಮೊದಲು ಹುಡುಕಬೇಕಾದದ್ದು ಅಲರ್ಜಿ ತರುವ ಹೆಮಾ (HEMA), ಅಂದರೆ ಹೈಡ್ರಾಕ್ಸಿಈಥೈಲ್ ಮೆಥಾಕ್ರಿಲೇಟ್. ಬೇಸ್ ಕೋಟ್, ಟಾಪ್ ಕೋಟ್, ಪ್ರೈಮರ್, ಬಿಲ್ಡರ್ ಜೆಲ್ ಎಲ್ಲವನ್ನೂ ಬೇರೆ ಬೇರೆಯಾಗಿ ನೋಡಿ. ಬಣ್ಣದ ಬಾಟಲಿಯೊಂದನ್ನೇ ನೋಡಿದರೆ ಸಾಲದು. ‘ಹೆಮಾ ಇಲ್ಲ’ ಎಂದು ದೊಡ್ಡಕ್ಷರದಲ್ಲಿದ್ದರೂ ಅಷ್ಟಕ್ಕೇ ನಂಬಬೇಡಿ. ಅದರ ಬದಲು ಹೈಡ್ರಾಕ್ಸಿಪ್ರೊಪೈಲ್ ಮೆಥಾಕ್ರಿಲೇಟ್ ಹಾಕಿರಬಹುದು, ಹೆಮಾ ಆಗದ ಅನೇಕರಿಗೆ ಇದೂ ಆಗುವುದಿಲ್ಲ. ಡೈ-ಹೆಮಾ ಟ್ರೈಮೀಥೈಲ್‌ಹೆಕ್ಸೈಲ್ ಡೈಕಾರ್ಬಮೇಟ್ ಬೇರೆ ಪದಾರ್ಥ, ಅದರಿಂದಲೂ ಅಲರ್ಜಿ ಬರುತ್ತದೆ. ಯುರೋಪಿಯನ್ ಒಕ್ಕೂಟದಲ್ಲಿ ಹೆಮಾ ಮತ್ತು ಡೈ-ಹೆಮಾ ಎರಡೂ ವೃತ್ತಿಪರರ ಬಳಕೆಗೆ ಮಾತ್ರ. (2025ರ ಸೆಪ್ಟೆಂಬರ್ 1ರಿಂದ ಅಲ್ಲಿ ನಿಷೇಧವಾದ ಟಿಪಿಒ, ಅಂದರೆ ಲ್ಯಾಂಪ್ ಬೆಳಕಿಗೆ ಜೆಲ್ ಗಟ್ಟಿಯಾಗಲೆಂದು ಹಾಕುವ ಪದಾರ್ಥದ ವಿಷಯ ಬೇರೆ, ಅದಕ್ಕೆ ಕಾರಣ ಸಂತಾನಶಕ್ತಿಯ ಮೇಲಿನ ಅಪಾಯ, ಅಲರ್ಜಿಯಲ್ಲ.)

ಹೆಚ್ಚು ತೊಂದರೆ ಕೊಡುವುದು ಪೂರ್ತಿ ಗಟ್ಟಿಯಾಗದ ಜೆಲ್. ದಪ್ಪಗೆ ಹಚ್ಚಿದರೆ, ಅಥವಾ ಆ ಜೆಲ್‌ಗೆ ಹೊಂದದ ಲ್ಯಾಂಪ್ ಬಳಸಿದರೆ, ಮೇಲ್ಭಾಗ ಗಟ್ಟಿಯಾದಂತೆ ಕಂಡರೂ ಒಳಗೆ ಹಸಿಯೇ ಉಳಿಯುತ್ತದೆ. ಜೆಲ್ ಚರ್ಮಕ್ಕೆ ತಾಗಿದರೆ ಲ್ಯಾಂಪಿಗೆ ಹಿಡಿಯುವ ಮೊದಲೇ ಒರೆಸಿ. ತೆಳು ಗ್ಲೌಸ್‌ನೊಳಗೂ ಅದು ಕೆಲವೇ ನಿಮಿಷದಲ್ಲಿ ಇಳಿಯುತ್ತದೆ, ತಾಗಿದ ಕೂಡಲೇ ಗ್ಲೌಸ್ ಬದಲಿಸಿ.

‘ಪರೀಕ್ಷೆ ಮಾಡಿ ನೋಡೋಣ’ ಎಂದು ಹಸಿ ಜೆಲ್ಲನ್ನು ಕೈಗೆ ಹಚ್ಚಿಕೊಳ್ಳಲೇಬೇಡಿ, ಅದರಿಂದಲೇ ಅಲರ್ಜಿ ಶುರುವಾಗಬಹುದು. ಬೆರಳ ತುದಿ ಬಿರುಕು, ಉಗುರು ಏಳುವುದು, ರೆಪ್ಪೆಯ ತುರಿಕೆ ಕಂಡರೆ ಬಳಕೆ ನಿಲ್ಲಿಸಿ, ಚರ್ಮವೈದ್ಯರ ಬಳಿ ಪ್ಯಾಚ್ ಟೆಸ್ಟ್ (ಯಾವುದರಿಂದ ಅಲರ್ಜಿ ಎಂದು ಚರ್ಮದ ಮೇಲೆ ನೋಡುವ ಪರೀಕ್ಷೆ) ಮಾಡಿಸಿ. ಅಲರ್ಜಿ ಖಚಿತವಾದರೆ ದಂತವೈದ್ಯರಿಗೂ ತಿಳಿಸಿ. ಹಲ್ಲು ತುಂಬಿಸುವಾಗ ಬಳಸುವ ಅನೇಕ ಅಂಟುಗಳಲ್ಲೂ ಹೆಮಾ ಇರುತ್ತದೆ.