ಮನೆತನದ ಕಾಗದಪತ್ರ: ಕಟ್ಟು ಬಿಚ್ಚುವ ಮುನ್ನ

ಮಾನ್ಯ ಸಂಪಾದಕರೇ,

ಬಸವನಗುಡಿ, ಮಲ್ಲೇಶ್ವರ, ಮೈಸೂರಿನ ಲಕ್ಷ್ಮೀಪುರಂಗಳಲ್ಲಿ ಹಳೆಯ ಮನೆಗಳು ನೆಲಸಮವಾಗುತ್ತಿವೆ. ಅಧಿಕಾರಿಗಳು, ವಕೀಲರು, ಎಂಜಿನಿಯರುಗಳು ಬಾಳಿದ ಆ ಮನೆಗಳ ಅಟ್ಟದಿಂದ ಟ್ರಂಕುಗಳು ಇಳಿಯುತ್ತವೆ. ಮಹಾರಾಜರ ಪತ್ರ ಸಿಕ್ಕರೆ ಅದಕ್ಕೆ ಲ್ಯಾಮಿನೇಷನ್, ಉಳಿದದ್ದಕ್ಕೆಲ್ಲ ಗುಜರಿಯ ತಕ್ಕಡಿ. ಎರಡೂ ತಪ್ಪು.

ಸರ್ ಮಿರ್ಜಾ ಇಸ್ಮಾಯಿಲ್ ಅವರ ಕಾಗದಪತ್ರಗಳು ದೆಹಲಿಯ ತೀನ್ ಮೂರ್ತಿ ಗ್ರಂಥಾಲಯ ಸೇರಿದ್ದರಿಂದ 1926ರಿಂದ 1941ರವರೆಗಿನ ಮೈಸೂರು ದಿವಾನಗಿರಿಯನ್ನು ಸರ್ಕಾರಿ ಕಡತಗಳಾಚೆಗೂ ಓದಲು ಸಾಧ್ಯವಾಗಿದೆ. ಅಂಥ ಎಷ್ಟೋ ಮನೆತನಗಳ ದಾಖಲೆ ಇನ್ನೂ ಟ್ರಂಕಿನಲ್ಲೇ ಇದೆ.

ಕಟ್ಟು ಬಿಚ್ಚಿ ವರ್ಷವಾರು ಜೋಡಿಸಲು ದಯವಿಟ್ಟು ಹೋಗಬೇಡಿ. ವಕೀಲರು ಒಂದೇ ದಾರದಲ್ಲಿ ಕಟ್ಟಿಟ್ಟ ದಾವೆಯ ಕರಡು, ಕಕ್ಷಿದಾರರ ಕಾಗದ, ಗಾಡಿ ಬಾಡಿಗೆಯ ಚೀಟಿ ಒಟ್ಟಿಗಿದ್ದರೇ ಅರ್ಥ. ತಾರೀಖಿಲ್ಲದ ಪತ್ರದ ಕಾಲ ತಿಳಿಯುವುದು ಎಷ್ಟೋ ಸಲ ಪಕ್ಕದ ಆ ಚೀಟಿಯಿಂದಲೇ. ಮೊದಲು ಇದ್ದಂತೆಯೇ ಫೋಟೊ ತೆಗೆಯಿರಿ. ಪ್ರತಿ ಕಟ್ಟಿಗೂ ಸಂಖ್ಯೆ ಕೊಟ್ಟು, ಯಾವ ಕೋಣೆ, ಯಾವ ಬೀರು, ಎಷ್ಟನೇ ಅರೆ ಎಂದು ಪೆನ್ಸಿಲಿನಲ್ಲಿ ಚೀಟಿ ಬರೆದಿಡಿ. ಲಕೋಟೆ ಎಸೆಯಬೇಡಿ, ಅಂಚೆ ಮುದ್ರೆ ಇರುವುದು ಅದರ ಮೇಲೆ.

ತುಕ್ಕು ಹಿಡಿಯುವ ಗುಂಡುಪಿನ್ನು, ಕರಗಿ ಅಂಟುವ ರಬ್ಬರ್ ಬ್ಯಾಂಡ್ ತೆಗೆಯಿರಿ. ಒಣಗಿದ ಸೆಲ್ಲೋಟೇಪನ್ನು ಮಾತ್ರ ಕೀಳಬೇಡಿ, ಅಕ್ಷರವೂ ಕಿತ್ತು ಬರುತ್ತದೆ. ಲ್ಯಾಮಿನೇಷನ್ ಎಂದರೆ ಬಿಸಿಗೆ ಕರಗಿದ ಪ್ಲಾಸ್ಟಿಕ್ ಎಳೆಎಳೆಗೂ ಅಂಟುವುದು. ಕಾಗದಕ್ಕೆ ಹಾನಿಯಾಗದಂತೆ ಅದನ್ನು ಬಿಡಿಸುವುದು ಅಸಾಧ್ಯವೆನ್ನುವಷ್ಟು ಕಷ್ಟ. ಒಳಗಿನ ಆಮ್ಲ ಒಳಗೇ ಉಳಿದು ಹಾಳೆ ಹಳದಿಗಟ್ಟುತ್ತಲೇ ಹೋಗುತ್ತದೆ. ದಿನಪತ್ರಿಕೆಯಲ್ಲೂ ಸುತ್ತಿಡಬಾರದು, ಅದರ ಆಮ್ಲ ಪಕ್ಕದ ಹಾಳೆಗೆ ಹತ್ತುತ್ತದೆ. ಒಗೆದು ಗಂಜಿ ಬಿಡಿಸಿದ ಕೋರಾ ಬಟ್ಟೆ ಸಾಕು. ಗಂಜಿ ಉಳಿದರೆ ಬೆಳ್ಳಿಹುಳಕ್ಕೆ ಆಹಾರ.

ಮಳೆಗಾಲದಲ್ಲಿ ಗಾಳಿಯ ತೇವಾಂಶ ಶೇ 65 ದಾಟಿ ನಿಂತರೆ ಬೂಷ್ಟು ಹಿಡಿಯುತ್ತದೆ. ಬೀರು ಗೋಡೆಯಿಂದ ನಾಲ್ಕು ಅಂಗುಲ ದೂರವಿರಲಿ. ನುಸಿಗುಳಿಗೆ ಬೂಷ್ಟನ್ನು ತಡೆಯದು. ಬಿಸಿಲಿಗೆ ಹರಡಿದರೆ ಶಾಯಿ ಮಾಸುತ್ತದೆ. ಹುಳ ಬಿದ್ದ ಒಣ ಕಾಗದವನ್ನು ಪಾಲಿಥಿನ್ ಚೀಲದಲ್ಲಿ ಗಾಳಿಯಾಡದಂತೆ ಮುಚ್ಚಿ, ಮೈನಸ್ 20 ಡಿಗ್ರಿಯ ಡೀಪ್ ಫ್ರೀಜರಿನಲ್ಲಿ ಎರಡು ವಾರ ಇಡಬಹುದು. ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬಾರದು, ಬಿಚ್ಚಿದರೆ ತಣ್ಣಗಿನ ಹಾಳೆಯ ಮೇಲೆ ನೀರು ಕೂರುತ್ತದೆ.

ಸಂಸ್ಥೆಗೆ ಕೊಡುವಾಗ ದಾನಪತ್ರ ಬರೆಸಿಕೊಳ್ಳಿ. ಬಂದ ಕಾಗದ ನಿಮ್ಮದಾದರೂ ಅದರ ಹಕ್ಕುಸ್ವಾಮ್ಯ ಬರೆದವರದು. ಅವರು ತೀರಿಕೊಂಡ ಮೇಲೆ ವಾರಸುದಾರರದು. ಅಲ್ಲಿಯವರೆಗೂ ಅಚ್ಚಾಗದ ಕಾಗದವಾದರೆ 60 ವರ್ಷದ ಲೆಕ್ಕ ಶುರುವಾಗುವುದು ಅದು ಮೊದಲು ಅಚ್ಚಾದ ಮೇಲೆ. ವೈದ್ಯರ ರೋಗಿಗಳ, ವಕೀಲರ ಕಕ್ಷಿದಾರರ ಕಡತಗಳನ್ನು ಎಷ್ಟು ವರ್ಷ ಮುಚ್ಚಿಡಬೇಕೆಂಬುದನ್ನು ದಾನಪತ್ರದಲ್ಲೇ ನಮೂದಿಸಿ.

ರಾಜ್ಯ ಪತ್ರಾಗಾರ ಇಲಾಖೆ ಇಷ್ಟನ್ನೂ ಒಂದು ಪುಟದಲ್ಲಿ ಅಚ್ಚು ಹಾಕಿಸಲಿ. ಮನೆ ಕೆಡವಲು ಅನುಮತಿ ಕೇಳಿ ಬಂದವರ ಕೈಗೆ ಪಾಲಿಕೆ ಅದನ್ನು ಕೊಡಲಿ.

– ದಾಖಲೆ ಸಂರಕ್ಷಣೆಯಲ್ಲಿ ತೊಡಗಿರುವ ಓದುಗರು, ಮೈಸೂರು