ಗುಬ್ಬಿ ಜಯಮ್ಮನವರ ಕಲೆಯನ್ನು ಉಳಿಸಿಕೊಡಿ: ಸಂಸ್ಕೃತಿ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಕನ್ನಡ ಮತ್ತು ಸಂಸ್ಕೃತಿ ಸಚಿವರಿಗೆ ನಮಸ್ಕಾರಗಳು.

ಗುಬ್ಬಿ ವೀರಣ್ಣನವರ ಹೆಸರಿನಲ್ಲಿ ಸರ್ಕಾರ ರಂಗಭೂಮಿ ಪ್ರಶಸ್ತಿ ಕೊಡುತ್ತಾ ಬಂದಿದೆ. ರಂಗಮಂದಿರಕ್ಕೂ ಅವರ ಹೆಸರಿದೆ. ಸಲ್ಲಬೇಕಾದ ಗೌರವವೇ ಅದು. ಅವರ ಗುಬ್ಬಿ ನಾಟಕ ಕಂಪನಿಯ ಹಾಡುಗಾರ್ತಿ, ಅಭಿನೇತ್ರಿ, ವೀರಣ್ಣನವರ ಪತ್ನಿಯೂ ಆಗಿದ್ದ ಬಿ. ಜಯಮ್ಮನವರ ಋಣವನ್ನು ಮಾತ್ರ ನಾವಿನ್ನೂ ತೀರಿಸಿಲ್ಲ.

1915ರಲ್ಲಿ ಹುಟ್ಟಿದ ಜಯಮ್ಮ ಬೆಳೆದದ್ದು ಮೈಕು ಇಲ್ಲದ ಕಾಲದ ನಾಟಕದ ತೆರೆಗಳ ನಡುವೆ. ಹಾರ್ಮೋನಿಯಂ ಶ್ರುತಿಗೆ ಗಂಟಲು ಕೊಟ್ಟು, ಕೊನೆಯ ಸಾಲಿನ ನೆಲದ ಪ್ರೇಕ್ಷಕನಿಗೂ ಸಾಹಿತ್ಯ ಸ್ಪಷ್ಟವಾಗಿ ಕೇಳುವಂತೆ ಹಾಡಬೇಕಿತ್ತು. ಹೆಣ್ಣುಪಾತ್ರಗಳನ್ನು ಗಂಡಸರೇ ಮಾಡುತ್ತಿದ್ದ ರೂಢಿ ಇನ್ನೂ ಪೂರ್ತಿ ಅಳಿದಿರಲಿಲ್ಲ. ಬಣ್ಣ ಹಚ್ಚಿದ ಹೆಣ್ಣನ್ನು ಊರು ನೋಡುತ್ತಿದ್ದ ಬಗೆ ತಮಗೂ ತಿಳಿದಿದ್ದೇ. ಹದಿನಾರರ ಆಸುಪಾಸಿನಲ್ಲಿ, 1931ರಲ್ಲಿ, ‘ಹಿಸ್ ಲವ್ ಅಫೇರ್’ ಎಂಬ ಮೂಕಿ ಚಿತ್ರದಲ್ಲಿ ವೀರಣ್ಣನವರೊಂದಿಗೆ ನಟಿಸಿದರು. ಹಾಡಿ ಬೆಳೆದ ಹುಡುಗಿಗೆ ಸಿಕ್ಕ ಮೊದಲ ಕ್ಯಾಮೆರಾಕ್ಕೆ ಕಿವಿಯೇ ಇರಲಿಲ್ಲ! ಮುಂದೆ ‘ಸದಾರಮೆ’, ‘ಸುಭದ್ರಾ’, ‘ಜೀವನ ನಾಟಕ’ ಬಂದವು. 1945ರ ‘ಹೇಮರೆಡ್ಡಿ ಮಲ್ಲಮ್ಮ’ದಲ್ಲಿ ಮಲ್ಲಮ್ಮನೇ ಅವರು.

ಅದೇ ವರ್ಷ ಬಿ.ಎನ್. ರೆಡ್ಡಿಯವರ ತೆಲುಗು ಚಿತ್ರ ‘ಸ್ವರ್ಗಸೀಮ’ ತೆರೆಕಂಡಿತು. ನಾಗಯ್ಯನವರದು ಸಂಪಾದಕ ಮೂರ್ತಿಯ ಪಾತ್ರ. ಭಾನುಮತಿಯವರ ನಾಟ್ಯಗಾತಿಗೆ ಮರುಳಾಗಿ ಆತ ಮನೆ ತೊರೆಯುತ್ತಾನೆ. ಮಕ್ಕಳೊಂದಿಗೆ ಉಳಿಯುವ ಹೆಂಡತಿ ಕಲ್ಯಾಣಿ ನಮ್ಮ ಜಯಮ್ಮ. ಜನ ಭಾನುಮತಿಯವರನ್ನು ಕೊಂಡಾಡಿದರು, ಅದು ಸಹಜ. ಆದರೆ ಕಲ್ಯಾಣಿಯನ್ನು ಗಮನಿಸಿ ನೋಡಿ. ಕಂಪನಿ ನಾಟಕದ ಏರುದನಿಯಲ್ಲಿ ಪಳಗಿದ ಕಲಾವಿದೆ ಕ್ಯಾಮೆರಾದ ಮುಂದೆ ಎಷ್ಟು ತಗ್ಗಿಸಬೇಕೋ ಅಷ್ಟನ್ನೇ ತಗ್ಗಿಸುತ್ತಾರೆ. ನನ್ನ ದೃಷ್ಟಿಯಲ್ಲಿ ಆ ಚಿತ್ರದ ಮನೆ ನಿಂತಿರುವುದೇ ಅವರ ಮೇಲೆ. ನಾಯಕಿಯ ವಯಸ್ಸು ದಾಟಿದ ಮೇಲೂ ಅವರು ಪೋಷಕ ಪಾತ್ರಗಳಲ್ಲಿ ಮುಂದುವರಿದರು. 1988ರಲ್ಲಿ ತೀರಿಕೊಂಡರು.

ನನ್ನ ಆತಂಕ ಇಷ್ಟೇ. ಆ ಕಾಲದ ಚಿತ್ರಗಳು ನೈಟ್ರೇಟ್ ಫಿಲ್ಮಿನವು. ಬೇಗ ಹೊತ್ತಿಕೊಳ್ಳುತ್ತವೆ, ಹೊತ್ತಿಕೊಳ್ಳದಿದ್ದರೆ ಡಬ್ಬಿಯೊಳಗೇ ಅಂಟಂಟಾಗಿ ಕೊಳೆಯುತ್ತವೆ. ಬೆಳ್ಳಿಗಾಗಿ ಕರಗಿಸಿದ ರೀಲುಗಳೂ ಇವೆ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ವನ್ನೇ ನಾವು ಕಳೆದುಕೊಂಡಿದ್ದೇವೆ. ಅರಗಿನ ಗ್ರಾಮಫೋನ್ ತಟ್ಟೆಗಳು ಕೈಜಾರಿದರೆ ಚೂರು. ಕಂಪನಿಯ ಕರಪತ್ರಗಳ ತೆಳು ಬಣ್ಣದ ಕಾಗದ ಮಡಿಕೆ ಬಿಚ್ಚಿದರೆ ಗೆರೆಗುಂಟ ಹರಿಯುತ್ತದೆ.

ಆದ್ದರಿಂದ ಪ್ರತಿಮೆ ಬೇಡ, ವೃತ್ತಕ್ಕೆ ಹೆಸರೂ ಬೇಡ. ಚಲನಚಿತ್ರ ಅಕಾಡೆಮಿ, ನಾಟಕ ಅಕಾಡೆಮಿ ಮತ್ತು ಮೈಸೂರಿನ ರಂಗಾಯಣವನ್ನು ಒಂದೇ ಮೇಜಿನ ಸುತ್ತ ಕೂರಿಸಿ. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿ ಜಯಮ್ಮನವರ ಯಾವ ಚಿತ್ರಗಳಿವೆ ಎಂದು ಅಧಿಕೃತವಾಗಿ ಪತ್ರ ಬರೆದು ಕೇಳಿಸಿ, ಇರುವುದರ ಪ್ರತಿಯನ್ನು ಬೆಂಗಳೂರಿಗೆ ತರಿಸಿ. ತಟ್ಟೆಗಳು, ಫೋಟೋಗಳು, ಕರಪತ್ರಗಳು ಇರುವ ಸಂಗ್ರಾಹಕರ ಮನೆಗೆ ಸ್ಕ್ಯಾನರು, ಧ್ವನಿಮುದ್ರಣದ ಸಲಕರಣೆ ಹೋಗಲಿ. ಮೂಲವಸ್ತು ಅವರಲ್ಲೇ ಉಳಿಯಲಿ, ಇಲ್ಲದಿದ್ದರೆ ಯಾರೂ ಕೊಡುವುದಿಲ್ಲ. ಕಂಪನಿ ನಾಟಕಗಳನ್ನು ಕಣ್ಣಾರೆ ಕಂಡ ಹಿರಿಯರ ಮಾತುಗಳನ್ನು ಮೊದಲು ದಾಖಲಿಸಿ, ಅವರೆಲ್ಲರಿಗೂ ಈಗ ವಯಸ್ಸಾಗಿದೆ.

ಮುಂದಿನ ಬಜೆಟ್ಟಿನಲ್ಲಿ ಇದಕ್ಕೆ ಪ್ರತ್ಯೇಕ ಅನುದಾನ ತೆಗೆದಿರಿಸಿ, ಹೊಣೆ ಹೊರುವ ಅಧಿಕಾರಿ ಯಾರೆಂದು ಪ್ರಕಟಿಸಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಕನ್ನಡ ರಂಗಭೂಮಿಯ ಒಬ್ಬ ಪ್ರೇಕ್ಷಕ