ಹಬ್ಬದ ಕೋಳಿ ಮತ್ತು ನಿನ್ನ ನೀರು ಸೂಪು

ತೀರ್ಥಹಳ್ಳಿ ತಾಲ್ಲೂಕು
ದೀಪಾವಳಿ ಕಳೆದ ಎಂಟನೆಯ ದಿನ

ಚಿರಂಜೀವಿ ಪುಟ್ಟುವಿಗೆ ದೊಡ್ಡಮ್ಮನ ಆಶೀರ್ವಾದಗಳು.

ಭಾನುವಾರ ನೀನು ಫೋನ್ ಮಾಡಿದಾಗ ನಾನು ಅಂಗಳದಲ್ಲಿದ್ದೆ. ನಮ್ಮಲ್ಲಿಯ ಸಿಗ್ನಲ್ ನಿನಗೆ ಗೊತ್ತಲ್ಲ, ಹಲಸಿನ ಮರದ ಬುಡದಲ್ಲಿ ನಿಂತರೆ ಇದೆ, ಎರಡು ಹೆಜ್ಜೆ ಈಚೆ ಬಂದರೆ ಇಲ್ಲ. “ದೊಡ್ಡಮ್ಮ, ಸೂಪು ಪಾತ್ರೆ ತೊಳೆದ ನೀರಿನ ಹಾಗಾಯಿತು, ಮಾಂಸ ತೆಂಗಿನ ನಾರಿನ ಹಾಗಾಯಿತು” ಎನ್ನುವಲ್ಲಿಗೆ ಮಾತು ಕಡಿದುಹೋಯಿತು. ಆಮೇಲೆ ನೀನೂ ಮಾಡಲಿಲ್ಲ, ನನಗೂ ಅಡಿಕೆ ಕೊನೆ ತೆಗೆಯುವವರಿಗೆ ತಿಂಡಿ ಕಾಫಿ ಮಾಡುವ ಗಡಿಬಿಡಿ. ಈಗ ಎಲ್ಲರೂ ಮಲಗಿದ್ದಾರೆ, ಬರೆಯುತ್ತೇನೆ. ಒಲೆಯ ಪಕ್ಕ ಇಟ್ಟುಕೊಂಡು ಓದು. ಫೋನಿನಲ್ಲಿ ಹೇಳಿದ್ದನ್ನು ನೀನು ಹತ್ತು ನಿಮಿಷವೂ ನೆನಪಿಟ್ಟುಕೊಳ್ಳುವವನಲ್ಲ.

ನಿನ್ನ ತಪ್ಪು ಎಲ್ಲಾಯಿತು ಎಂದು ನಾನೇ ಹೇಳಲೇ? ಹಬ್ಬದ ಕೋಳಿ ಬೇಯಿಸಿ ನಾನು ಕಳಿಸಿದ ಡಬ್ಬಿಯಲ್ಲಿದ್ದದ್ದನ್ನು ಒಂದೇ ಪಾತ್ರೆಗೆ ಸುರಿದು, ದೊಡ್ಡ ಉರಿಯಲ್ಲಿ ಗಂಟೆಗಟ್ಟಲೆ ಗಳಗಳ ಕುದಿಸಿದೆ. ಹೌದೋ ಅಲ್ಲವೋ? ಆ ಮಾಂಸ ಹಬ್ಬದ ಮರುದಿನ, ವರ್ಷತೊಡಕಿಗೆ, ನಮ್ಮ ಕಟ್ಟಿಗೆ ಒಲೆಯ ಮೇಲೆ ಒಂದೂವರೆ ಗಂಟೆ ಬೆಂದಿತ್ತು ಮಾರಾಯ. ಬೆಂದದ್ದನ್ನು ಮತ್ತೆ ಬೇಯಿಸಿದರೆ ಅದರಲ್ಲಿರುವ ಅಷ್ಟಿಷ್ಟು ರಸವೂ ಹಿಂಡಿಹೋಗುತ್ತದೆ. ಮೂಳೆಯ ಲೆಕ್ಕ ಬೇರೆ. ಅದಕ್ಕೆ ಇನ್ನೂ ಎರಡು ಮೂರು ಗಂಟೆ ಬೇಕು. ಎರಡನ್ನೂ ಒಂದೇ ಹಗ್ಗದಲ್ಲಿ ಕಟ್ಟಿದೆ, ಮಾಂಸವೂ ಹೋಯಿತು, ಮೂಳೆಯೂ ಬಿಟ್ಟುಕೊಡಲಿಲ್ಲ.

ನಾನು ಕಳಿಸಿದ್ದು ಏನು ಎಂಬುದನ್ನೂ ನೀನು ಗಮನಿಸಿದಂತಿಲ್ಲ. ಮೊಟ್ಟೆ ನಿಲ್ಲಿಸಿ ವರ್ಷವಾಗಿದ್ದ ಕೆಂಪು ಹೇಂಟೆ ಅದು, ನೀನು ಬಂದಾಗಲೆಲ್ಲ ಜಗಲಿ ಹತ್ತುತ್ತಿತ್ತಲ್ಲ, ಅದೇ. ಅರಿಶಿನ, ಉಪ್ಪು ಹಾಕಿ ಬೇಯಿಸಿ, ಕಾಯಿ ಮಸಾಲೆ ಸೇರಿಸುವುದಕ್ಕೆ ಮೊದಲೇ ಬೆನ್ನು, ಕುತ್ತಿಗೆ, ರೆಕ್ಕೆಯ ತುದಿ ಮತ್ತು ನಾಲ್ಕಾರು ಮಾಂಸದ ತುಂಡುಗಳನ್ನು ಬೇರೆ ತೆಗೆದಿಟ್ಟೆ. ಕಡುಬಿನ ಜೊತೆ ಇವನ್ನು ಯಾರೂ ಕೇಳುವುದಿಲ್ಲ, ಎಲ್ಲರಿಗೂ ತೊಡೆಯೇ ಬೇಕು. ಮಸಾಲೆ ಹಾಕಿದ ಸಾರು ಉಳಿದರೂ ಅದರಿಂದ ಒಳ್ಳೆಯ ಸೂಪಾಗುವುದಿಲ್ಲ. ತೆಂಗಿನಕಾಯಿ ರುಬ್ಬಿ ಹಾಕಿದ್ದು ಬೇಗ ಹಳಸುತ್ತದೆ, ಮೇಲಾಗಿ ಆ ಮಸಾಲೆಯ ಮುಂದೆ ಮೂಳೆಯ ರುಚಿ ತಲೆಯೆತ್ತುವುದೇ ಇಲ್ಲ. ಇನ್ನು ಎಲೆಯ ಮೇಲೆ ಉಳಿದ ಮೂಳೆಗಳ ಮಾತು. ಅವು ಎಂಜಲು, ಪಾತ್ರೆಗೆ ಸೇರಿಸುವ ಮಾತೇ ಇಲ್ಲ. ನಾಯಿಗೂ ಹಾಕಬೇಡ. ಬೆಂದ ಕೋಳಿಮೂಳೆ ಸೀಳಿಕೊಂಡು ಸೂಜಿಯ ಹಾಗಾಗುತ್ತದೆ, ನಮ್ಮ ಕರಿಯ ಒಮ್ಮೆ ಗಂಟಲಿಗೆ ಸಿಕ್ಕಿಸಿಕೊಂಡು ಮೂರು ದಿನ ನೀರೂ ಕುಡಿಯಲಿಲ್ಲ.

ಫ್ರೀಜರಿನಲ್ಲಿ ಇನ್ನೊಂದು ಡಬ್ಬಿ ಹಾಗೇ ಇದೆ ಎಂದೆಯಲ್ಲ, ಅದರಿಂದ ಮತ್ತೊಮ್ಮೆ ಮಾಡು. ಹಿಂದಿನ ರಾತ್ರಿ ಕೆಳಗಿನ ಫ್ರಿಜ್‌ಗೆ ಇಳಿಸಿಡು. ಬೆಳಿಗ್ಗೆ ಕೈ ತೊಳೆದುಕೊಂಡು ಮೂಳೆಯಿಂದ ಮಾಂಸವನ್ನು ಬಿಡಿಸು. ಕೈಯಿಂದಲೇ ಬಿಡಿಸಬೇಕು, ಚಾಕುವಿಗೆ ಬೆನ್ನಿನ ಸಂದು ಗೊತ್ತಾಗುವುದಿಲ್ಲ. ಬೆನ್ನಿನ ಎರಡೂ ಬದಿಯಲ್ಲಿ, ಸೊಂಟದ ಹತ್ತಿರ, ಹೆಬ್ಬೆರಳಿನ ಉಗುರಿನಷ್ಟು ಎರಡು ತುಂಡು ಕಪ್ಪು ಮಾಂಸ ಅಡಗಿರುತ್ತದೆ. ಇಡೀ ಕೋಳಿಯಲ್ಲಿ ಅಷ್ಟು ಮೆತ್ತನೆಯ ಮಾಂಸ ಬೇರೆಲ್ಲೂ ಇಲ್ಲ. ನಿನ್ನ ಅಜ್ಜಿ ಅದನ್ನು ಅಡುಗೆಯವರ ಪಾಲು ಎನ್ನುತ್ತಿದ್ದರು, ನಿಂತಲ್ಲೇ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ನೀನೂ ಹಾಕಿಕೋ. ಉಳಿದ ಮಾಂಸವನ್ನು ಮುಚ್ಚಿ ಮತ್ತೆ ಫ್ರಿಜ್‌ನಲ್ಲಿಡು, ಕೊನೆಯ ಐದು ನಿಮಿಷದವರೆಗೆ ಅದರ ಸುದ್ದಿ ಬೇಡ.

ಮೂಳೆಯಿಂದ ಸಿಗುವುದೆಲ್ಲ ಒಮ್ಮೆ ಬೆಂದು ಅರ್ಧ ಇಳಿದುಹೋಗಿರುತ್ತದೆ, ಅದಕ್ಕಾಗಿ ಒಂದು ಕೆಲಸ ಮಾಡು. ಕೋಳಿ ಅಂಗಡಿಯವನ ಹತ್ತಿರ ನಾಲ್ಕು ಹಸಿ ಕೋಳಿಕಾಲು ಕೇಳಿ ತಾ. ತೀರಾ ಕಡಿಮೆ ದುಡ್ಡಿಗೆ ಕೊಡುತ್ತಾನೆ. ಗ್ಯಾಸಿನ ಉರಿಯ ಮೇಲೆ ಇಕ್ಕಳದಲ್ಲಿ ಹಿಡಿದು ತಿರುಗಿಸಿದರೆ ಹಳದಿ ಚರ್ಮ ಗುಳ್ಳೆ ಏಳುತ್ತದೆ, ಬಟ್ಟೆಯಿಂದ ಉಜ್ಜಿದರೆ ಕಾಲುಚೀಲದ ಹಾಗೆ ಕಳಚಿಬರುತ್ತದೆ. ಉಗುರಿನ ತುದಿ ಕತ್ತರಿಸಿ, ಉಪ್ಪು ಅರಿಶಿನ ಹಚ್ಚಿ ತೊಳೆ. ನಿನ್ನ ಹೆಂಡತಿಗೆ ಕಾಲು ಕಂಡರೆ ಅಸಹ್ಯವಾದರೆ ಅವಳು ಏಳುವುದಕ್ಕೆ ಮೊದಲೇ ಈ ಕೆಲಸ ಮುಗಿಸು. ಕೋಳಿಯ ಅಂಟೆಲ್ಲ ಇರುವುದು ಕಾಲಿನಲ್ಲಿ. ಚರ್ಮ, ನರ, ಕೀಲುಗಳಲ್ಲಿರುವ ಕೊಲ್ಲಾಜನ್ ಎಂಬುದು ನಿಧಾನದ ಬಿಸಿಯಲ್ಲಿ ಗಂಟೆಗಟ್ಟಲೆ ಇದ್ದರೆ ಕರಗಿ ಜೆಲಟಿನ್ ಆಗುತ್ತದೆ, ಬಾಯಲ್ಲಿ ತುಟಿಗೆ ತುಟಿ ಅಂಟುವುದು ಅದರಿಂದಲೇ. ಮುದಿ ಹೇಂಟೆಯಲ್ಲಿ ಇದು ಗಟ್ಟಿಯಾಗಿ ಬಲಿತಿರುತ್ತದೆ, ಅದಕ್ಕೇ ಅದು ಬೇಯಲು ಸತಾಯಿಸುತ್ತದೆ, ಅದಕ್ಕೇ ಅದರ ಸೂಪಿಗೆ ಮೈ ಇರುತ್ತದೆ. ನಲವತ್ತು ದಿನದ ಫಾರಂ ಕೋಳಿಯಲ್ಲಿ ಇಷ್ಟೊಂದು ಹುಡುಕಬೇಡ.

ಮೂಳೆ, ಕೋಳಿಕಾಲು ಎಲ್ಲ ಸೇರಿ ಅರ್ಧ ಕಿಲೋದಷ್ಟಾದರೆ ಒಂದೂವರೆ ಲೀಟರ್ ತಣ್ಣೀರು ಸಾಕು. ಬಿಸಿನೀರು ಬೇಡ, ತಣ್ಣೀರಿನಿಂದಲೇ ಏರಲಿ. ಕುದಿ ಬರುವ ಹೊತ್ತಿಗೆ ಹಸಿ ಕಾಲಿನಿಂದ ಬೂದಿಬಣ್ಣದ ನೊರೆ ಮೇಲೇಳುತ್ತದೆ, ಸೌಟಿನಿಂದ ತೆಗೆದುಬಿಡು. ಆಮೇಲೆ ಉರಿ ಎಷ್ಟು ಸಣ್ಣದಾಗಬೇಕೆಂದರೆ ಅಲ್ಲೊಂದು ಇಲ್ಲೊಂದು ಗುಳ್ಳೆ ಬರಬೇಕು, ಸಂಜೆ ಕೆರೆಯಲ್ಲಿ ಮೀನು ಬಾಯಿ ಬಿಡುತ್ತದಲ್ಲ ಹಾಗೆ. ಗಳಗಳ ಕುದಿಸಿದರೆ ಕೊಬ್ಬು ಒಡೆದು ನೀರಿನಲ್ಲಿ ಬೆರೆಯುತ್ತದೆ, ಬೂದು ನೀರಾಗುತ್ತದೆ. ನೀನು ಪಾತ್ರೆ ತೊಳೆದ ನೀರು ಎಂದದ್ದು ಅದನ್ನೇ. ಜಜ್ಜಿದ ಶುಂಠಿ ಹೆಬ್ಬೆರಳಿನಷ್ಟು, ಆರು ಎಸಳು ಬೆಳ್ಳುಳ್ಳಿ, ಒಂದು ಈರುಳ್ಳಿ, ಕೊತ್ತಂಬರಿ ಸೊಪ್ಪಿನ ಬೇರು ಕಾಂಡಗಳನ್ನು ಈಗ ಹಾಕು. ಉಪ್ಪು ಬೇಡ. ನಾನು ಬೇಯಿಸುವಾಗ ಹಾಕಿದ್ದು ಇದೆ, ನೀರು ಇಂಗಿದ ಮೇಲೆ ನೋಡಿ ಹಾಕಿಕೋ.

ಇಷ್ಟು ಹೊತ್ತು ಗ್ಯಾಸ್ ಉರಿಸುವುದು ದುಬಾರಿ ಎನ್ನುತ್ತೀಯ, ನಿಜ. ನಮಗೆ ಒಲೆಯಲ್ಲಿ ಕೆಂಡ ಇದ್ದೇ ಇರುತ್ತದೆ. ನೀನು ಕುಕ್ಕರ್ ಇಡು, ಅದರಲ್ಲಿ ಅವಮಾನವೇನೂ ಇಲ್ಲ. ಕುಕ್ಕರಿನೊಳಗೆ ನೀರು 120 ಡಿಗ್ರಿಯವರೆಗೂ ಕಾಯುತ್ತದಂತೆ, ಮೂರು ಗಂಟೆಯ ಕೆಲಸ ನಲವತ್ತು ನಿಮಿಷಕ್ಕೆ ಮುಗಿಯುತ್ತದೆ. ನೀರು ಅರ್ಧಕ್ಕಿಂತ ಮೇಲೇರದಂತೆ ನೋಡಿಕೋ, ನೊರೆ ತೆಗೆದ ಮೇಲೆ ಮುಚ್ಚು, ಒಂದು ಸೀಟಿ ಬಂದ ಕೂಡಲೇ ಉರಿ ತಗ್ಗಿಸು. ಆರಿಸಿದ ಮೇಲೆ ಸೀಟಿ ಎತ್ತಿ ಹಬೆ ಬಿಡಬೇಡ. ಬಿಟ್ಟರೆ ಒಳಗೆ ಭೋರೆಂದು ಕುದಿದು ತಿಳಿಯೆಲ್ಲ ಕದಡುತ್ತದೆ. ತಾನಾಗಿ ಇಳಿಯಲಿ.

ಸೋಸಿದ ಮೇಲೆ ಒಂದು ಲೋಟ ಬೇರೆ ತೆಗೆದು ರಾತ್ರಿ ಫ್ರಿಜ್‌ನಲ್ಲಿಟ್ಟು ನೋಡು. ಬೆಳಿಗ್ಗೆ ಮೇಲೆ ಬೆಣ್ಣೆಯಂಥ ಹಳದಿ ಪದರ, ಕೆಳಗೆ ಗಟ್ಟಿ. ಲೋಟಕ್ಕೆ ಬೆರಳಿನಿಂದ ತಟ್ಟಿದರೆ ನಡುಗಬೇಕು. ನಡುಗಿದರೆ ನೀನು ಗೆದ್ದೆ. ಕಳೆದ ವರ್ಷ ನಿನ್ನ ಅಕ್ಕನ ಮಗ ಅದನ್ನು ನೋಡಿ “ಅಜ್ಜಿ, ಹಲ್ವಾ” ಎಂದು ಚಮಚ ಹಾಕಿದ್ದ. ಮುಖ ನೋಡಬೇಕಿತ್ತು. ಆ ಹಳದಿ ಕೊಬ್ಬನ್ನು ಎಸೆಯಬೇಡ, ಅಕ್ಕಿ ರೊಟ್ಟಿಯ ಕಾವಲಿಗೆ ಸವರು.

ಕುಡಿಯುವ ಹೊತ್ತಿಗೆ ಬೇಕಾದಷ್ಟು ಕಾಯಿಸಿ ಒಂದು ಹಿಡಿ ತೊಳೆದ ಅಕ್ಕಿನುಚ್ಚು ಹಾಕು. ನುಚ್ಚು ಬೆಂದ ಮೇಲೆ ಬಿಡಿಸಿಟ್ಟ ಮಾಂಸ ಹಾಕಿ ಚೆನ್ನಾಗಿ ಕುದಿ ಬರಿಸು. ಕಾಳುಮೆಣಸು, ಜೀರಿಗೆ ಹುರಿದು ಆಗಲೇ ಕುಟ್ಟಿದ್ದಾಗಿರಬೇಕು. ನಮ್ಮ ಅಡಿಕೆ ಮರದ ಬಳ್ಳಿಯ ಮೆಣಸು ಕೊಟ್ಟಿದ್ದೇನೆ, ಪುಡಿ ಪ್ಯಾಕೆಟ್ ತಂದು ಅದರ ಮರ್ಯಾದೆ ಕಳೆಯಬೇಡ. ಇಳಿಸಿದ ಮೇಲೆ ನಿಂಬೆರಸ, ಕೊತ್ತಂಬರಿ ಸೊಪ್ಪು. ಕೆಲವರು ಕಾರ್ನ್‌ಫ್ಲೋರ್ ಕದಡಿ ಗಟ್ಟಿ ಮಾಡುತ್ತಾರೆ, ಹೋಟೆಲಿನವರ ಉಪಾಯ ಅದು. ನಿನ್ನ ಹೆಂಡತಿ ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಬರುತ್ತಾಳಲ್ಲ, ಆಗ ಇದು ಒಲೆಯ ಮೇಲಿರಲಿ. ಆ ಹೊತ್ತಿನಲ್ಲಿ ಅವಳಿಗೆ ಅಗಿಯುವ ಚೈತನ್ಯವೂ ಇರುವುದಿಲ್ಲ ಎಂದು ಹಬ್ಬಕ್ಕೆ ಬಂದಾಗ ಹೇಳಿದ್ದಳು.

ಈಗ ಬೈಯುವ ಭಾಗ. ಸೂಪು ಮಾಡಿ ರಾತ್ರಿಯಿಡೀ ಗ್ಯಾಸಿನ ಮೇಲೇ ಬಿಟ್ಟು ಬೆಳಿಗ್ಗೆ ಕುದಿಸಿದೆ ಎಂದು ನಡುವೆ ಒಂದು ಮಾತು ತೇಲಿಸಿದೆಯಲ್ಲ, ಕೇಳಿಸಲಿಲ್ಲ ಎಂದುಕೊಂಡೆಯಾ? ಮದುವೆಯಾಗಿ ಬಂದ ಮೊದಲ ವರ್ಷ ನಾನೂ ಅದನ್ನೇ ಮಾಡಿದ್ದೆ. ದೊಡ್ಡ ತಪ್ಪಲೆ ತುಂಬ ರಸ, ಬೆಚ್ಚಗಿರಲಿ ಎಂದು ಬೂದಿ ಮುಚ್ಚಿದ ಒಲೆಯ ಮೇಲಿಟ್ಟು, ಮೇಲೆ ಬಿಗಿಯಾಗಿ ಮುಚ್ಚಳ. ಬೆಳಿಗ್ಗೆ ತೆಗೆದರೆ ಸಣ್ಣ ಗುಳ್ಳೆ, ಹುಳಿ ವಾಸನೆ. ಕುದಿಸಿ ನೋಡೋಣ ಎಂದೆ. ಅತ್ತೆ ಒಂದು ಮಾತೂ ಆಡದೆ ತಪ್ಪಲೆ ಎತ್ತಿಕೊಂಡು ಹೋಗಿ ತೆಂಗಿನ ಬುಡಕ್ಕೆ ಸುರಿದು ಬಂದರು. ಏಕೆಂದು ನನಗೆ ಈ ಹಬ್ಬದಲ್ಲಿ ನಿನ್ನ ಹೆಂಡತಿ ಬಿಡಿಸಿ ಹೇಳಿದಳು: ಕೆಲವು ರೋಗಾಣುಗಳ ಬೀಜ ಕುದಿಯಲ್ಲೂ ಸಾಯುವುದಿಲ್ಲ, ಉಗುರುಬೆಚ್ಚಗಿನ ಪಾತ್ರೆಯಲ್ಲಿ ಮತ್ತೆ ಮೊಳೆಯುತ್ತವೆ. ಕೆಲವು ಬಿಡುವ ವಿಷ ಮರಳಿ ಕುದಿಸಿದರೂ ಹೋಗುವುದಿಲ್ಲ. ವಾಸನೆ ಬಾರದೆಯೂ ಕೆಟ್ಟಿರಬಹುದು. ಮನೆಯಲ್ಲಿ ನರ್ಸ್ ಇಟ್ಟುಕೊಂಡು ನನ್ನಿಂದ ಇದನ್ನು ಕೇಳಬೇಕೇ ನೀನು?

ಸೋಸಿದ ಕೂಡಲೇ ಎರಡು ಮೂರು ಅಗಲದ ಪಾತ್ರೆಗೆ ಹಂಚಿ, ಸಿಂಕಿನಲ್ಲಿ ತಣ್ಣೀರು ತುಂಬಿ ಅದರಲ್ಲಿಡು. ಇಳಿಸಿದ ಎರಡು ಗಂಟೆಯೊಳಗೆ ಫ್ರಿಜ್ ಸೇರಲಿ. ಶಿವಮೊಗ್ಗದ ಏಪ್ರಿಲ್ ಬಿಸಿಲಿನಲ್ಲಾದರೆ ಒಂದೇ ಗಂಟೆ. ಫ್ರಿಜ್‌ನಲ್ಲಿ ಮೂರು ದಿನ, ಹೆಚ್ಚೆಂದರೆ ನಾಲ್ಕು. ಅದಕ್ಕಿಂತ ಹೆಚ್ಚು ದಿನಕ್ಕೆ ಬೇಕಾದರೆ ಫ್ರೀಜರ್. ಪ್ರತಿಸಲ ಇಡೀ ಪಾತ್ರೆ ಕಾಯಿಸಿ ಮತ್ತೆ ಒಳಗಿಡುವ ಆಟ ಬೇಡ.

ಇದು ಕುಡಿದರೆ ಮೂಳೆ ಗಟ್ಟಿಯಾಗುತ್ತದೆ ಎಂದು ನಿನ್ನ ಅತ್ತೆ ಹೇಳಿದರಂತೆ. ಅವರೆದುರು ವಾದ ಮಾಡಬೇಡ, ಆದರೆ ನಂಬಲೂ ಬೇಡ. ಮೂಳೆಯ ಸುಣ್ಣ ನೀರಿಗೆ ಇಳಿಯುವುದು ತೀರಾ ಕಡಿಮೆ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ, ಅದಕ್ಕೆ ರಾಗಿ ಅಂಬಲಿ ಕುಡಿಯಿರಿ. ನಿನ್ನ ದೊಡ್ಡಪ್ಪನಿಗೆ ಮಂಗನ ಕಾಯಿಲೆ ಬಂದು ಆಸ್ಪತ್ರೆಯಿಂದ ಮನೆಗೆ ಬಂದಾಗ ಅನ್ನದ ಅಗುಳು ಕಂಡರೆ ಮುಖ ತಿರುಗಿಸುತ್ತಿದ್ದರು. ಜ್ವರ ಬಿಟ್ಟರೂ ನಿಶ್ಶಕ್ತಿ ವಾರಗಟ್ಟಲೆ ಬಿಡಲಿಲ್ಲ. ಆ ದಿನಗಳಲ್ಲಿ ಒಳಗೆ ಹೋದದ್ದು ಈ ರಸ ಮತ್ತು ನುಚ್ಚು ಮಾತ್ರ. ಕಾಯಿಲೆ ವಾಸಿಯಾದದ್ದು ಸೂಪಿನಿಂದ ಎಂದು ನಾನು ಹೇಳುವುದಿಲ್ಲ. ಆದರೆ ಐದನೆಯ ದಿನ ಲೋಟ ಖಾಲಿ ಮಾಡಿ “ಮೆಣಸು ಕಡಿಮೆಯಾಯಿತು” ಎಂದರು. ಆ ಮಾತು ಕೇಳಿ ನಾನು ಹಿತ್ತಿಲಿಗೆ ಹೋಗಿ ಸ್ವಲ್ಪ ಹೊತ್ತು ಅತ್ತೆ. ಇವತ್ತಿಗೂ ಅವರಿಗೆ ಅದು ಗೊತ್ತಿಲ್ಲ, ನೀನು ಹೇಳಬೇಡ.

ಮುಂದಿನ ವಾರ ನಿನ್ನ ದೊಡ್ಡಪ್ಪ ಅಡಿಕೆಯ ಕೆಲಸಕ್ಕೆ ಶಿವಮೊಗ್ಗಕ್ಕೆ ಬರುತ್ತಾರೆ. ಎರಡೂ ಸ್ಟೀಲ್ ಡಬ್ಬಿಗಳನ್ನು ತೊಳೆದು ಅವರ ಕೈಯಲ್ಲಿ ಕಳಿಸು. ತಳದಲ್ಲಿ ನನ್ನ ಹೆಸರು ಕೊರೆಸಿರುವ ಡಬ್ಬಿ ನನ್ನ ತವರಿನದು, ಅದರ ಮುಚ್ಚಳ ಬೇರೆ ಯಾವುದಕ್ಕೂ ಹಾಕಿಟ್ಟಿಲ್ಲ ತಾನೇ? ಹುಡುಕು.

ಇಂತಿ,
ನಿನ್ನ ದೊಡ್ಡಮ್ಮ